ಬಟವಾಡೆಯ ದಿನ: ದೊಡ್ಡ ಕಂಪನಿಯ ಕೂಲಿ ಮತ್ತು ಊರಿನ ಬದುಕು



ಕೋಲಾರದ ಚಿನ್ನದ ಗಣಿಯಲ್ಲಿ, ಅಂದರೆ ಕೆಜಿಎಫ್‌ನಲ್ಲಿ, ಬಟವಾಡೆ ಆದ ದಿನ ಅದು ರಾಬರ್ಟ್‌ಸನ್‌ಪೇಟೆಗೂ ಆಂಡರ್‌ಸನ್‌ಪೇಟೆಗೂ ಗೊತ್ತಾಗುತ್ತಿತ್ತು. ಹೊತ್ತು ಮುಳುಗುವುದರೊಳಗೆ ಬಂಗಾರಪೇಟೆಗೂ ಗೊತ್ತಾಗುತ್ತಿತ್ತು. ದಿನಸಿ ಅಂಗಡಿಯವರು ಉದ್ರಿ ಪುಸ್ತಕ ತೆಗೆದಿಡುತ್ತಿದ್ದರು, ಬಟ್ಟೆ ಅಂಗಡಿಯವರು ಬಾಗಿಲಿಗೆ ಸೀರೆ ತೂಗುಹಾಕುತ್ತಿದ್ದರು, ಬಡ್ಡಿಯವರು ಗೇಟಿನ ಹತ್ತಿರವೇ ಕಾದು ನಿಲ್ಲುತ್ತಿದ್ದರು. ಒಂದು ಕಂಪನಿಯ ಕೂಲಿಪಟ್ಟಿ ಇಡೀ ಸೀಮೆಯ ಜಮಾಖರ್ಚಾಗಿದ್ದ ಕಾಲ ಅದು. ಅಂಥ ಕಂಪನಿ ತನ್ನ ಅತಿ ಕೆಳಗಿನ ಕೂಲಿಯನ್ನು ಏರಿಸಿದರೆ ಕಂಪನಿಗೆ ಏನಾಗುತ್ತದೆ, ಕೂಲಿಕಾರರಿಗೆ ಏನಾಗುತ್ತದೆ, ಕಂಪನಿಯ ಮೆಟ್ಟಿಲನ್ನೇ ಹತ್ತದವರಿಗೆ ಏನಾಗುತ್ತದೆ? ಈ ದತ್ತಿ ಉಪನ್ಯಾಸದ ನೆಪದಲ್ಲಿ ಈ ಪ್ರಶ್ನೆಯನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಅರ್ಥಶಾಸ್ತ್ರದ ಮೊದಲ ಪಾಠದ ಪುಸ್ತಕದಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರವಿದೆ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಕೂಲಿಯೂ ಒಂದು ಬೆಲೆ, ಆದ್ದರಿಂದ ಕೂಲಿ ಏರಿದರೆ ಕೆಲಸ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ತರಗತಿಯಲ್ಲಿ ನಾನೂ ಇದನ್ನೇ ಪಾಠ ಮಾಡಿದ್ದೇನೆ. ದುಡಿಮೆಯನ್ನು ಕೊಳ್ಳುವವರು ಹಲವರಿದ್ದು, ಒಬ್ಬರ ಹತ್ತಿರ ಗಿಟ್ಟದಿದ್ದರೆ ಇನ್ನೊಬ್ಬರ ಹತ್ತಿರ ಹೋಗಬಹುದಾದ ಕಡೆ ಆ ಪಾಠ ತಕ್ಕಮಟ್ಟಿಗೆ ನಿಜ. ಆದರೆ ನಮ್ಮ ಈ ನೆಲದಲ್ಲಿ ನೂರಿಪ್ಪತ್ತು ವರ್ಷ ದುಡಿಮೆಯನ್ನು ಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಕೈ.

ಮೈಕೆಲ್ ಲ್ಯಾವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಇಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದದ್ದು, 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಆ್ಯಂಡ್ ಸನ್ಸ್ ಕಾಲಿಟ್ಟದ್ದು ನಿಮಗೆಲ್ಲ ಗೊತ್ತಿರುವ ಕತೆ. ಮೈಸೂರು ಗಣಿ, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಂದು ಕಂಪನಿಗಳ ಹೆಸರು ನಾಲ್ಕಿದ್ದವು. ನಡೆಸುತ್ತಿದ್ದವರು ಮಾತ್ರ ಟೇಲರ್ ಮನೆತನದವರೇ. ಅವರಿಗಾಗಿ 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನ ಆ ಪೇಟೆಯೇ ಇವತ್ತಿನ ಬಂಗಾರಪೇಟೆ. ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರು ಬಂತು. 1902ರಲ್ಲಿ ಶಿವನಸಮುದ್ರದಿಂದ, ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು, ವಿದ್ಯುತ್ ಬಂತು. ಜನ ಬಂದದ್ದು ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಸೀಮೆಗಳಿಂದ. ತಮಿಳು, ತೆಲುಗು ಮಾತಾಡುವ ಆ ಜನರಲ್ಲಿ ಬಹುಪಾಲು ದಲಿತ ಕುಟುಂಬಗಳವರು. ಗಣಿಯ ಕೂಲಿ ಹೆಚ್ಚೇನೂ ಇರಲಿಲ್ಲ. ಆದರೂ ಅದು ನಗದು ಕೂಲಿ, ಊರ ಗೌಡನ ಕಣದಲ್ಲಿ ಕೈಯೊಡ್ಡಿ ಅಳೆಸಿಕೊಳ್ಳುವ ಧಾನ್ಯವಲ್ಲ. ಜೀತದ ಮನೆಯಿಂದ ತಪ್ಪಿಸಿಕೊಂಡು ಓಡಿ ಬರಲು ಒಂದು ಜಾಗ ಇದೆ ಎಂಬುದೇ ಆ ಊರುಗಳ ಒಡೆಯರಿಗೆ ಭಯ ಹುಟ್ಟಿಸುವ ಸಂಗತಿ. ದೊಡ್ಡ ಕಂಪನಿಯ ಕೂಲಿಯ ಮೊದಲ ಪರಿಣಾಮ ಹೀಗೆ ಕಂಪನಿಯ ಗಡಿಯಿಂದ ನೂರಾರು ಮೈಲಿ ಆಚೆ, ಯಾರದೋ ಗದ್ದೆಯ ಬದುವಿನ ಮೇಲೆ ಕಾಣಿಸಿಕೊಳ್ಳುತ್ತದೆ.

ಕೊಳ್ಳುವವನು ಒಬ್ಬನೇ ಆದರೆ ಏನಾಗುತ್ತದೆಂಬುದು ಕೋಲಾರದ ರೈತರಿಗೆ ಪುಸ್ತಕ ಓದದೆಯೇ ಗೊತ್ತು. ಟೊಮೆಟೊ ಮಂಡಿಗೆ ಒಬ್ಬನೇ ವ್ಯಾಪಾರಿ ಬಂದ ದಿನ ಹಣ್ಣು ಎಷ್ಟೇ ಚೆನ್ನಾಗಿದ್ದರೂ ಬೆಲೆ ಕೂಗುವವನು ಅವನೇ. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲಿ ಇದನ್ನೇ ದುಡಿಮೆಯ ಮಾರುಕಟ್ಟೆಗೆ ಅನ್ವಯಿಸಿ ಬರೆದರು. ಅವರ ತರ್ಕ ಹೀಗೆ ಸಾಗುತ್ತದೆ. ಒಬ್ಬನೇ ಮಾಲೀಕನಿರುವ ಊರಿನಲ್ಲಿ ಇನ್ನೂ ನೂರು ಜನ ಬೇಕೆಂದರೆ ದೂರದಿಂದ ಕರೆಸಬೇಕು, ಅದಕ್ಕೆ ಹೆಚ್ಚು ಕೂಲಿ ತೋರಿಸಬೇಕು. ಹೊಸಬರಿಗೆ ಹೆಚ್ಚು ಕೊಟ್ಟರೆ ಹಳಬರಿಗೂ ಅಷ್ಟೇ ಕೊಡಬೇಕಾಗುತ್ತದೆ. ಅದನ್ನು ತಪ್ಪಿಸಲು ಆತ ಕಡಿಮೆ ಜನರಿಂದ, ಕಡಿಮೆ ಕೂಲಿಗೆ ಕೆಲಸ ತೆಗೆಯುತ್ತಾನೆ. ಈಗ ಕಾನೂನೋ ಸಂಘವೋ ನಡುವೆ ಬಂದು, ಎಲ್ಲರಿಗೂ ಇಷ್ಟಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು ಗೆರೆ ಎಳೆದರೆ, ಹಳಬರಿಗೂ ಕೊಡಬೇಕಾಗುತ್ತದಲ್ಲ ಎಂಬ ಅಂಜಿಕೆಗೆ ಅರ್ಥವೇ ಉಳಿಯುವುದಿಲ್ಲ, ಹೇಗೂ ಕೊಡಲೇಬೇಕು. ಆಗ ಕೂಲಿಯೂ ಏರಬಹುದು, ಕೆಲಸಗಾರರ ಸಂಖ್ಯೆಯೂ ಏರಬಹುದು. ಮೊದಲ ಪಾಠದ ಪುಸ್ತಕಕ್ಕೆ ಪೂರಾ ಉಲ್ಟಾ.

ನಾಲ್ಕು ಗಣಿಗಳಿದ್ದವಲ್ಲ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. 1930ರಲ್ಲಿ ಕೂಲಿಕಾರರೆಲ್ಲರ ಬೆರಳಚ್ಚು ತೆಗೆಯಲು ಆಡಳಿತ ಹೊರಟಿತು. ಬೆರಳಚ್ಚು ಒಮ್ಮೆ ಕಡತಕ್ಕೆ ಸೇರಿದರೆ ಮೈಸೂರು ಗಣಿಯಲ್ಲಿ ಎದುರು ಮಾತಾಡಿದವನು ಹೆಸರು ಬದಲಿಸಿಕೊಂಡು ಚಾಂಪಿಯನ್ ರೀಫ್‌ನಲ್ಲಿ ಕೆಲಸ ಹಿಡಿಯುವ ದಾರಿಯೂ ಮುಚ್ಚುತ್ತದೆ. ಸಾವಿರಾರು ಜನ ಪಾಳಿಗೆ ಇಳಿಯದೆ ಮುಷ್ಕರ ಹೂಡಿದರು. ಓದು ಬರಹ ಬಾರದ ಆ ಜನ ತಮ್ಮ ಬೆರಳಿಗೂ ತಮ್ಮ ಕೂಲಿಗೂ ಇರುವ ನಂಟನ್ನು ಎಷ್ಟು ಸ್ಪಷ್ಟವಾಗಿ ಕಂಡಿದ್ದರು! ಜೋನ್ ರಾಬಿನ್ಸನ್ ಅವರ ಪುಸ್ತಕ ಅಚ್ಚಾದದ್ದು ಅದಾಗಿ ಮೂರು ವರ್ಷಕ್ಕೆ.

ಈ ಮಾಲೀಕ ಮಾರುವ ಸರಕು ಚಿನ್ನ ಎಂಬುದನ್ನೂ ನಾವು ಮರೆಯಬಾರದು. ಹೋಟೆಲಿನವರು ಕೂಲಿ ಏರಿಸಿದರೆ ದೋಸೆಯ ಬೆಲೆಗೆ ಎರಡು ರೂಪಾಯಿ ಸೇರಿಸುತ್ತಾರೆ. ಗಣಿಗೆ ಅದು ಸಾಧ್ಯವಿಲ್ಲ. ಚಿನ್ನದ ಬೆಲೆ ಮೊದಲು ಲಂಡನ್ನಿನಲ್ಲಿ ನಿಗದಿಯಾಗಿತ್ತು. 1934ರಿಂದ ಔನ್ಸಿಗೆ 35 ಡಾಲರ್ ಎಂದು ಅಮೆರಿಕ ಗೊತ್ತುಮಾಡಿತು, ಹಲವು ದಶಕ ಅದೇ ನಡೆಯಿತು. 1966ರಲ್ಲಿ ಡಾಲರಿಗೆ ಏಳೂವರೆ ರೂಪಾಯಿ ಆದ ಮೇಲೂ ಆ ಲೆಕ್ಕದಲ್ಲಿ 10 ಗ್ರಾಂ ಚಿನ್ನಕ್ಕೆ ಸಿಗುತ್ತಿದ್ದದ್ದು 84 ರೂಪಾಯಿ ಚಿಲ್ಲರೆ. ಮುಂಬಯಿಯ ಚಿನಿವಾರ ಪೇಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಮೇಲಿತ್ತು. ಆದ್ದರಿಂದ ಗಣಿಯ ಕೂಲಿ ಏರಿದರೆ ಅದನ್ನು ಗಿರಾಕಿ ಹೊರುವುದಿಲ್ಲ. ಷೇರುದಾರರ ಡಿವಿಡೆಂಡಿನಿಂದ, ಸರ್ಕಾರದ ರಾಜಧನದಿಂದ ಹೋಗಬೇಕು, ಇಲ್ಲವೇ ನೆಲದೊಳಗಿನ ಅದಿರೇ ಅದನ್ನು ಹೊರಬೇಕು.

ಅದಿರು ಹೊರುವುದು ಹೇಗೆ ಎಂಬುದನ್ನು ಒಂದು ಲೆಕ್ಕ ಹಾಕಿ ನೋಡೋಣ. ಒಂದು ಟನ್ ಅದಿರನ್ನು ಮೇಲೆತ್ತಿ, ಪುಡಿಮಾಡಿ, ಸೈನೈಡಿನಲ್ಲಿ ತೊಳೆದು ಚಿನ್ನ ತೆಗೆಯಲು 5 ಗ್ರಾಂ ಚಿನ್ನದ ಬೆಲೆಯಷ್ಟು ಖರ್ಚು ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧ ಕೂಲಿ. ಕೂಲಿಯನ್ನು ನೂರಕ್ಕೆ ಇಪ್ಪತ್ತರಷ್ಟು ಏರಿಸಿದರೆ ಖರ್ಚು ಐದರಿಂದ ಐದೂವರೆ ಗ್ರಾಂಗೆ ಹೋಗುತ್ತದೆ. ಟನ್ನಿಗೆ 15 ಗ್ರಾಂ ಸಿಗುವ ಕಲ್ಲಿನಲ್ಲಿ ಲಾಭ ಹತ್ತರಿಂದ ಒಂಬತ್ತೂವರೆಗೆ ಇಳಿಯುತ್ತದೆ, ಅಷ್ಟೆ. ಆದರೆ 5.2 ಗ್ರಾಂ ಇರುವ ಕಲ್ಲು ನಿನ್ನೆಯವರೆಗೆ ಅದಿರಾಗಿದ್ದದ್ದು ಇವತ್ತು ಬರೀ ಬಂಡೆಯಾಗುತ್ತದೆ. ಕೋಲಾರದ ಗಣಿಗಳು ತಮ್ಮ ಆಯುಷ್ಯದಲ್ಲಿ ಕೊಟ್ಟದ್ದು 800 ಟನ್ನಿಗೂ ಹೆಚ್ಚು ಚಿನ್ನ. ಸರಾಸರಿ ತೆಗೆದರೆ ಟನ್ ಅದಿರಿಗೆ ಹದಿನೈದು ಗ್ರಾಂಗೆ ಕಡಿಮೆಯಿಲ್ಲ. ಮೊದಲ ದಶಕಗಳಲ್ಲಿ ಇನ್ನೂ ಬಹಳ ಹೆಚ್ಚು. 1905ರ ಒಂದೇ ವರ್ಷದಲ್ಲಿ 19 ಟನ್ ಚಿನ್ನ ತೆಗೆದರು. ಕೂಲಿಯನ್ನು ಏರಿಸಿದರೂ ಒಬ್ಬನ ಕೆಲಸವೂ ಹೋಗದಿದ್ದ ಕಾಲ ಅದು; ಏರಿಸದಿದ್ದ ಕಾಲವೂ ಅದೇ. ಸಾಲಾಗಿ ಕಟ್ಟಿದ ಬಿದಿರಿನ ತಟ್ಟಿಯ ಲೈನು ಮನೆಗಳಲ್ಲಿ ಜನ ತುಂಬಿಕೊಂಡಿದ್ದರು, ಲಂಡನ್ನಿಗೆ ಡಿವಿಡೆಂಡ್ ಹರಿಯುತ್ತಿತ್ತು. ಕೊಡುವ ಶಕ್ತಿ ಇದ್ದ ಮಾತ್ರಕ್ಕೆ ಕೂಲಿ ತಾನಾಗಿ ಏರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೂಲಿ ಏರಿಸಿದರೆ ಮಾಲೀಕರು ಯಂತ್ರ ತರುತ್ತಾರೆ, ಜನ ಬೀದಿಗೆ ಬೀಳುತ್ತಾರೆ ಎಂಬ ಮಾತನ್ನೂ ಆಗಾಗ ಕೇಳುತ್ತೇವೆ. ಅದರಲ್ಲಿ ಸ್ವಲ್ಪ ಹುರುಳಿದೆ. ಆದರೆ 1902ರಲ್ಲಿ ಇಲ್ಲಿಗೆ ವಿದ್ಯುತ್ ಬಂದದ್ದು ಕೂಲಿ ದುಬಾರಿಯಾಯಿತೆಂದಲ್ಲ; ಹಬೆ ಯಂತ್ರಗಳಿಗೆ ಸೌದೆ, ಕಲ್ಲಿದ್ದಲು ದುಬಾರಿಯಾಯಿತೆಂದು. ಯಂತ್ರ ಬರುವ ಹೊತ್ತಿಗೆ ಬಂದೇ ಬರುತ್ತದೆ. ಅದರ ಲಾಭದಲ್ಲಿ ಕೂಲಿಕಾರನ ಪಾಲು ಎಷ್ಟು ಎನ್ನುವುದು ಬೇರೆಯೇ ಪ್ರಶ್ನೆ.

ಆ ಪಾಲನ್ನು ಕೇಳುವ ದನಿ ಗಟ್ಟಿಯಾದದ್ದು 1940ರ ದಶಕದಲ್ಲಿ. ಮೈಸೂರು ಸಂಸ್ಥಾನದ ಕಾರ್ಮಿಕ ಕಾಯ್ದೆ ಸಂಘಗಳಿಗೆ ಮಾನ್ಯತೆಯ ದಾರಿ ತೆರೆಯಿತು. ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಅವರಂಥ ಕಮ್ಯುನಿಸ್ಟ್ ನಾಯಕರು ಲೈನುಗಳಲ್ಲಿ ಕೂತು ಸಂಘ ಕಟ್ಟಿದರು. ಯುದ್ಧಕಾಲದ ಬೆಲೆಯೇರಿಕೆಯಲ್ಲಿ ತುಟ್ಟಿಭತ್ಯೆ ಎಂಬುದು ಕೂಲಿಕಾರರ ಬಾಯಲ್ಲಿ ದಿನನಿತ್ಯದ ಮಾತಾಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. ಅಷ್ಟರಲ್ಲಿ, 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಕಾರ್ಖಾನೆ ಕೂಡ ಇಲ್ಲಿಗೆ ಬಂದಿತ್ತು. ಅತಿ ಕೆಳಗಿನ ದರ್ಜೆಯವನಿಗೂ ನಿಗದಿತ ವೇತನ, ಭವಿಷ್ಯನಿಧಿ, ರಜೆ, ಬೋನಸ್. ಜೊತೆಗೆ ಚೀಟಿಯಲ್ಲಿ ಕಾಣದ ಕೂಲಿಯೂ ಇತ್ತು: ಮನೆ, ನೀರು, ಕರೆಂಟು, ಕಂಪನಿಯ ಆಸ್ಪತ್ರೆ.

ರಾಬರ್ಟ್‌ಸನ್‌ಪೇಟೆಯ ದಿನಸಿ ಅಂಗಡಿಯೊಂದರ ಹಳೆಯ ಉದ್ರಿ ಪುಸ್ತಕಗಳನ್ನು ಒಂದು ಮಧ್ಯಾಹ್ನ ಕೂತು ತಿರುವಿ ಹಾಕಿದ್ದೇನೆ. ಉದ್ದನೆಯ ಕೆಂಪು ಬಟ್ಟೆಯ ರಟ್ಟು, ಪುಟದ ತಲೆಗೆ ಮನೆಯವರ ಹೆಸರಿನ ಬದಲು ಲೈನಿನ ನಂಬರು. ಹಳೆಯ ಪುಸ್ತಕದ ಪುಟಗಳಲ್ಲಿ ಅಕ್ಕಿ, ಹುಣಸೆ, ಒಣಮೆಣಸಿನಕಾಯಿ, ಸೀಮೆಎಣ್ಣೆ, ಬೀಡಿ ಕಟ್ಟು ಇವೇ ಸುತ್ತಿ ಸುತ್ತಿ ಬರುತ್ತವೆ. ಬಟವಾಡೆಯ ದಿನ ಅರ್ಧ ಜಮೆ, ಉಳಿದರ್ಧ ಮುಂದಿನ ತಿಂಗಳಿಗೆ ಎಳೆದ ಬಾಕಿ. ಕೂಲಿ ಏರಿದ ಮೇಲಿನ ಪುಸ್ತಕಗಳಿಗೆ ಬಂದರೆ ಅಕ್ಕಿಯ ಸೇರು ಹೆಚ್ಚೇನೂ ಬದಲಾಗಿಲ್ಲ. ಹೊಟ್ಟೆ ಅಷ್ಟೇ ತಾನೆ. ಆದರೆ ತೊಗರಿಬೇಳೆ ಬಂದಿದೆ, ಕಾಫಿಪುಡಿ ಬಂದಿದೆ, ಮೈಸೋಪು ಬಂದಿದೆ, ಜೂನ್ ತಿಂಗಳ ಪುಟದಲ್ಲಿ ನೋಟ್‌ಬುಕ್ಕು ಪೆನ್ಸಿಲ್ಲು ಬಂದಿವೆ. ಬಾಕಿಯ ಸಾಲು ಚಿಕ್ಕದಾಗಿದೆ. ಎಷ್ಟೋ ಪುಟಗಳಲ್ಲಿ ತಿಂಗಳ ಕೊನೆಗೆ ಅಡ್ಡಗೆರೆ ಎಳೆದು ಚುಕ್ತಾ ಎಂದು ಬರೆದಿದೆ. ಕೆಳಗಿನ ಕೂಲಿ ಏರಿದರೆ ಆ ಹಣ ಬ್ಯಾಂಕಿನಲ್ಲಿ ಮಲಗುವುದಿಲ್ಲ, ಆ ವಾರವೇ ಪೇಟೆಗೆ ಬರುತ್ತದೆ. ದಿನಸಿಯವರ ಹಣ ಬಂಗಾರಪೇಟೆಯ ಮಂಡಿಗೆ, ಮಂಡಿಯಿಂದ ಸುತ್ತಲ ಹಳ್ಳಿಯ ರಾಗಿ, ಅವರೆ, ಹಾಲು, ತರಕಾರಿ ಬೆಳೆದವರಿಗೆ, ಅವರಿಂದ ದರ್ಜಿಗೆ, ಬಡಗಿಗೆ, ಟೆಂಟ್ ಸಿನಿಮಾದವರಿಗೆ. ಸಾವಿರ ರೂಪಾಯಿಯ ಡಿವಿಡೆಂಡಿಗೂ ಸಾವಿರ ರೂಪಾಯಿಯ ಕೂಲಿಗೂ ಇಷ್ಟು ಅಂತರ. ಮೊದಲನೆಯದು ಹಡಗು ಹತ್ತುತ್ತಿತ್ತು, ಎರಡನೆಯದು ಬಂಗಾರಪೇಟೆ ದಾಟುವ ಮೊದಲೇ ಹತ್ತು ಕೈ ಬದಲಾಗುತ್ತಿತ್ತು.

ಎಲ್ಲವೂ ಮನೆ ತಲುಪಿತೆಂದು ನಾನು ಹೇಳುತ್ತಿಲ್ಲ. ಸಾರಾಯಿ ಅಂಗಡಿ ಒಂದಿಷ್ಟು ನುಂಗಿತು, ಬಡ್ಡಿ ಇನ್ನಷ್ಟು ನುಂಗಿತು. ಗಿರವಿ ಅಂಗಡಿಗಳ ಸಾಲು ಇವತ್ತಿಗೂ ಕೆಜಿಎಫ್‌ನಲ್ಲಿ ಎದ್ದು ಕಾಣುತ್ತದೆ. ಜಗತ್ತಿಗೆ ಚಿನ್ನ ತೆಗೆದುಕೊಟ್ಟವರ ಮನೆಯ ಚಿನ್ನ ಅಲ್ಲಿ ಅಡವಿತ್ತು. ಕೂಲಿ ಏರಿದಾಗ ಬಾಡಿಗೆ ಏರುವುದನ್ನೂ ಕಂಡಿದ್ದೇವೆ. ಮನೆಗಳು ಕಡಿಮೆ ಇರುವ ಊರಿನಲ್ಲಿ ಕೂಲಿಯನ್ನಷ್ಟೇ ಏರಿಸಿದರೆ ಅದರ ಒಂದು ಪಾಲು ಮನೆಯ ಮಾಲೀಕರ ಕೈಗೆ ಹೋಗುತ್ತದೆ. ಕಂಪನಿಯೇ ಲೈನು ಮನೆ ಕೊಟ್ಟಿದ್ದರಿಂದ ಆ ಸೋರಿಕೆ ಇಲ್ಲಿ ಅಷ್ಟಾಗಿ ಆಗಲಿಲ್ಲ. ಆ ಮನೆಗಳು ಎಷ್ಟೇ ಇಕ್ಕಟ್ಟಾಗಿದ್ದರೂ ಈ ಮಾತು ನಿಜ.

ಹಾಗಾದರೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ್ದೇಕೆ? ಕೂಲಿ ಏರಿಸಿ ಏರಿಸಿ ಚಿನ್ನದ ಗಣಿಯನ್ನೇ ತಿಂದುಹಾಕಿದರು ಎನ್ನುವವರು ಇದ್ದಾರೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ಕೊನೆಯ ವರ್ಷಗಳಲ್ಲಿ ತೆಗೆಯುವ ಚಿನ್ನಕ್ಕೆ ಹೋಲಿಸಿದರೆ ಜನ ಹೆಚ್ಚಿದ್ದರು, ವೇತನದ ಹೊರೆಯೂ ಇತ್ತು. ಆದರೆ ಆಗ ಚಾಂಪಿಯನ್ ರೀಫ್‌ನ ಆಳ ಮೂರು ಕಿಲೋಮೀಟರ್ ಮೀರಿತ್ತು. ಅಷ್ಟು ಆಳದ ಕಾವಿಗೆ ತಂಪು ಗಾಳಿ ಇಳಿಸಬೇಕು, ನೀರು ಎತ್ತಬೇಕು, ಕಲ್ಲು ಸಿಡಿಯದಂತೆ ಆಸರೆ ಕೊಡಬೇಕು. ಒಬ್ಬನೇ ಒಬ್ಬ ಕೂಲಿಕಾರ ಇಳಿಯದಿದ್ದರೂ ಈ ಖರ್ಚು ತಪ್ಪುವುದಿಲ್ಲ. ಅದಿರಿನಲ್ಲಿ ಚಿನ್ನ ಟನ್ನಿಗೆ ಕೆಲವೇ ಗ್ರಾಂಗೆ ಇಳಿದಿತ್ತು. ಆ ಫೆಬ್ರವರಿಯಲ್ಲಿ ಜಗತ್ತಿನ ಚಿನ್ನದ ಬೆಲೆ ಇಪ್ಪತ್ತು ವರ್ಷಗಳ ತಳದ ಹತ್ತಿರಕ್ಕೆ ಬಂದಿತ್ತು, ಔನ್ಸಿಗೆ 260 ಡಾಲರಿನ ಆಸುಪಾಸು. ಲಾಭ ಉಕ್ಕಿದ ಕಾಲದಲ್ಲಿ ಗಳಿಸಿದ್ದನ್ನು ಮುಂದಿನ ಕಷ್ಟಕಾಲಕ್ಕೆ ಇಲ್ಲೇ ಹೂಡಿದ್ದರೆ ಕತೆ ಬೇರೆಯಾಗುತ್ತಿತ್ತು. ಸರ್ಕಾರದ ಗಣಿಯಾದ ಮೇಲೆ ತನ್ನದೇ ಚಿನ್ನವನ್ನು ಪೇಟೆಯ ಬೆಲೆಗೆ ಮಾರಲಾರದ ಕಂಪನಿಯನ್ನು ನಷ್ಟದ ಕಂಪನಿ ಎಂದು ಕರೆದದ್ದನ್ನು ನಾನು ಅನ್ಯಾಯವೆಂದೇ ತಿಳಿಯುತ್ತೇನೆ.

ಮುಚ್ಚಿದ ಮೇಲೆ ಆದದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಗಣಿಯ ಕೂಲಿ ಇಡೀ ಸೀಮೆಯ ಕೂಲಿಗೆ ನೆಲಗಟ್ಟಾಗಿತ್ತು. ಗಣಿಯಲ್ಲಿ ಇಷ್ಟು ಸಿಗುತ್ತದೆ ಎಂದು ಹೇಳಿ ಕಲ್ಲು ಕ್ವಾರಿಯವನ ಹತ್ತಿರವೋ ಕಟ್ಟಡದ ಮೇಸ್ತ್ರಿಯ ಹತ್ತಿರವೋ ಚೌಕಾಸಿ ಮಾಡಬಹುದಿತ್ತು. ಆ ಮಾತನ್ನು ಹೇಳುವ ಹಾಗೇ ಇಲ್ಲವಾಯಿತು. ಈಗ ಮಾರಿಕುಪ್ಪಂನಿಂದ ಬೆಳಗಿನ ಕತ್ತಲಲ್ಲಿ ಬೆಂಗಳೂರಿಗೆ ಹೊರಡುವ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಸೆಕ್ಯೂರಿಟಿ ಗಾರ್ಡಿನ ಸಮವಸ್ತ್ರವನ್ನು ಚೀಲದಲ್ಲಿ ಮಡಚಿ ಇಟ್ಟುಕೊಂಡವರು, ಹೌಸ್‌ಕೀಪಿಂಗ್‌ನ ಹೆಂಗಸರು, ಗಾರೆ ಕೆಲಸದವರು, ಮೊಬೈಲ್ ಅಂಗಡಿಯ ಹುಡುಗರು, ಕಂಪ್ಯೂಟರ್ ಕಲಿತವರು. ಸೀಟು ಸಿಕ್ಕಿದ ಹೆಂಗಸರು ಅಲ್ಲೇ ಹೂ ಕಟ್ಟುತ್ತಾರೆ, ಸೊಪ್ಪು ಬಿಡಿಸುತ್ತಾರೆ. ರಾತ್ರಿ ಮನೆ ಸೇರಿದ ಮೇಲೆ ಅದಕ್ಕೆ ಹೊತ್ತಿಲ್ಲ. ಹೋಗಲು ಎರಡು ಗಂಟೆಯ ಮೇಲೆ, ಬರಲು ಅಷ್ಟೇ, ಸ್ಟೇಷನ್ನಿನಿಂದಾಚೆಗೆ ಸಿಟಿ ಬಸ್ಸು ಬೇರೆ. ಎಂಟು ಗಂಟೆಯ ಕೂಲಿಗೆ ಹದಿಮೂರು, ಹದಿನಾಲ್ಕು ಗಂಟೆ ಕೊಡುವವರ ನಿಜವಾದ ಗಂಟೆಗೂಲಿಯನ್ನು ಯಾವ ಅಧಿಸೂಚನೆಯೂ ಲೆಕ್ಕ ಹಾಕುವುದಿಲ್ಲ. ಬೆಂಗಳೂರಿನಲ್ಲಿ ಸಾವಿರ ರೂಪಾಯಿ ಹೆಚ್ಚು ಸಿಕ್ಕಿದರೂ ಊರಲ್ಲೇ ಕೆಲಸವಿದ್ದ ಕಾಲದ ಕೂಲಿಗೆ ಅದು ಸಾಟಿಯಾಗದು.

ಹೊರಗಿನ ಅನುಭವ ಏನು ಹೇಳುತ್ತದೆ? ಅಮೆರಿಕದಲ್ಲಿ ಅಮೆಜಾನ್ ಕಂಪನಿ 2018ರ ನವೆಂಬರ್‌ನಿಂದ ತನ್ನ ಕನಿಷ್ಠ ಕೂಲಿಯನ್ನು ಗಂಟೆಗೆ 15 ಡಾಲರಿಗೆ ಏರಿಸಿತು. ಎಲೋರಾ ಡೆರೆನೊಂಕೂರ್ ಮತ್ತು ಸಂಗಡಿಗರು ಅಭ್ಯಾಸ ಮಾಡಿ ನೋಡಿದಾಗ, ಅಮೆಜಾನ್ ಗೋದಾಮುಗಳಿರುವ ಸೀಮೆಗಳಲ್ಲಿ ಬೇರೆ ಮಾಲೀಕರೂ ತಮ್ಮ ಕೂಲಿಯನ್ನು ಏರಿಸಿದ್ದು ಕಂಡುಬಂತು. ನಮಗೆ ಇನ್ನೂ ಹತ್ತಿರದ ಸಾಕ್ಷಿ ಆಂಧ್ರದಲ್ಲಿದೆ. ಅಲ್ಲಿ ಉದ್ಯೋಗ ಖಾತ್ರಿಯ ಹಣವನ್ನು ಸ್ಮಾರ್ಟ್‌ಕಾರ್ಡ್ ಮೂಲಕ ಸರಿಯಾಗಿ ತಲುಪಿಸುವ ವ್ಯವಸ್ಥೆಯನ್ನು ಕೆಲವು ಮಂಡಲಗಳಲ್ಲಿ ಮೊದಲು, ಕೆಲವು ಮಂಡಲಗಳಲ್ಲಿ ತಡವಾಗಿ ತಂದರು. ಅನಂತಪುರ, ಕಡಪ ಜಿಲ್ಲೆಗಳೂ ಅದರಲ್ಲಿದ್ದವು. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖ್‌ತಂಕರ್ ಈ ಎರಡನ್ನೂ ಹೋಲಿಸಿದರು. ಸರ್ಕಾರದ ಕೂಲಿ ಸರಿಯಾಗಿ ಕೈಸೇರಿದ ಕಡೆ ಖಾಸಗಿ ಹೊಲಗಳ ಕೂಲಿಯೂ ಏರಿತು. ಖಾಸಗಿ ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಭೂಮಿ ಕೆಲವರ ಕೈಯಲ್ಲೇ ಇದ್ದ ಊರುಗಳಲ್ಲಿ ಈ ಹೆಚ್ಚಳ ಇನ್ನೂ ಮುಖ್ಯವಾಗಿ ಕಂಡಿತು. ಕೊಳ್ಳುವವರು ಒಬ್ಬಿಬ್ಬರೇ ಇರುವ ಮಂಡಿಯ ತರ್ಕವೇ ಇದು. ಎಷ್ಟು ಬೇಕಾದರೂ ಏರಿಸಬಹುದು ಎಂದು ಇದರಿಂದ ತಿಳಿಯಬಾರದು. ಇಡೀ ಅಮೆರಿಕಕ್ಕೆ 15 ಡಾಲರಿನ ಕನಿಷ್ಠ ಕೂಲಿ ತಂದರೆ 13 ಲಕ್ಷ ಕೆಲಸ ಹೋಗಬಹುದೆಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯೇ 2019ರಲ್ಲಿ ಅಂದಾಜು ಮಾಡಿತ್ತು; 1 ಕೋಟಿ 70 ಲಕ್ಷ ಜನರ ಕೂಲಿ ಏರುತ್ತದೆಂದೂ ಅದೇ ವರದಿ ಹೇಳಿತ್ತು.

ನಮ್ಮ ಜಿಲ್ಲೆಯ ಇವತ್ತಿನ ದೊಡ್ಡ ಮಾಲೀಕರು ಇರುವುದು ನರಸಾಪುರ, ವೇಮಗಲ್‌ಗಳಲ್ಲಿ. 2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದದ್ದನ್ನು ನಾವು ಮರೆತಿಲ್ಲ. ಐಫೋನ್ ಜೋಡಿಸುತ್ತಿದ್ದ ಆ ಕಾರ್ಖಾನೆಯಲ್ಲಿ ಕೆಲಸಗಾರರಲ್ಲಿ ಬಹುಪಾಲು ಗುತ್ತಿಗೆಯವರು, ಬೇರೆ ಬೇರೆ ಏಜೆನ್ಸಿಗಳ ಮೂಲಕ ಬಂದವರು. ಎಂಜಿನಿಯರಿಂಗ್ ಓದಿದವರಿಗೆ 21,000 ರೂಪಾಯಿ ಎಂದು ಹೇಳಿ 16,000, ಆಮೇಲೆ 12,000 ಕೊಟ್ಟರೆಂದು ಆಗ ಪತ್ರಿಕೆಗಳಲ್ಲಿ ಬಂತು. ಗಾಜು, ಯಂತ್ರ ಒಡೆದದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ತಲುಪಿರಲಿಲ್ಲ ಎಂಬುದನ್ನು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ಕೆಲಕಾಲ ತಡೆಹಿಡಿಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹಕ್ಕೆ ಹೋಯಿತು. ದೊಡ್ಡ ಕಂಪನಿ ಎಷ್ಟು ಕೂಲಿ ಘೋಷಿಸಿತು ಎಂಬುದಕ್ಕಿಂತ, ನಡುವೆ ಎಷ್ಟು ಕೈ ದಾಟಿ ಎಷ್ಟು ಉಳಿದು ಬಂತು ಎಂಬುದನ್ನೇ ಮೊದಲು ನೋಡಬೇಕು. ಟೇಲರ್ ಕಾಲದ ಗಣಿಯಲ್ಲೂ ನೆಲದಡಿಯ ಕೆಲಸದ ದೊಡ್ಡ ಪಾಲು ಗುತ್ತಿಗೆದಾರರ ಕೈಯಲ್ಲೇ ಇತ್ತು. ಕಂಪನಿಯ ದರ ಒಂದು, ಮೇಸ್ತ್ರಿ ಕೈಗಿಡುವ ದುಡ್ಡು ಇನ್ನೊಂದು.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಪ್ರಕರಣವೂ ನಮ್ಮ ಮನೆಗಳದೇ. 2020ರಲ್ಲಿ ಹೆಚ್ಚಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿ ಚಿಲ್ಲರೆ. ಅದನ್ನು ಕೊರೋನಾ ನೆಪದಲ್ಲಿ ಸರ್ಕಾರ ಮುಂದೂಡಿತು, ಮುಂದೂಡಿದ್ದಕ್ಕೆ ಹೈಕೋರ್ಟ್ ತಡೆ ಕೊಟ್ಟಿತು, ಆದರೂ ಕಾರ್ಖಾನೆಗಳು ಕೊಡಲಿಲ್ಲ. ಲಕ್ಷಾಂತರ ಕೆಲಸಗಾರರು, ಅವರಲ್ಲಿ ಬಹುಪಾಲು ಹೆಂಗಸರು. ಸಂಘಗಳೂ ವಿದೇಶಿ ಬ್ರ್ಯಾಂಡುಗಳ ಮೇಲಿನ ಒತ್ತಡವೂ ಸೇರಿ, 2022ರ ಆರಂಭದಲ್ಲಿ ಅತಿ ದೊಡ್ಡ ರಫ್ತು ಕಂಪನಿಯಾದ ಶಾಹಿ ಎಕ್ಸ್‌ಪೋರ್ಟ್ಸ್ ಬಾಕಿ ಸಮೇತ ಕೊಡಲು ಒಪ್ಪಿತು. ಅತಿ ದೊಡ್ಡವರೇ ಕೊಡುತ್ತೇವೆ ಎಂದ ಮೇಲೆ ನಮ್ಮಿಂದಾಗದು ಎನ್ನುವ ಮಾತಿಗೆ ಬೇರೆಯವರ ಬಾಯಲ್ಲಿ ಬಲ ಉಳಿಯುವುದಿಲ್ಲ. ದೊಡ್ಡ ಮಾಲೀಕ ಒಳ್ಳೆಯದು ಮಾಡಿದರೂ ಕೆಟ್ಟದ್ದು ಮಾಡಿದರೂ ಅದು ಸುತ್ತಲಿನವರಿಗೆ ದರಪಟ್ಟಿಯಾಗುತ್ತದೆ.

ಏರಿಕೆಯ ಭಾರ ಹೊರಲಾಗದವರೂ ಇದ್ದಾರೆ, ಅವರ ಮಾತು ಹೇಳದೆ ಮುಗಿಸಲಾರೆ. ಬಂಗಾರಪೇಟೆ ತಾಲ್ಲೂಕಿನ ಎರಡೆಕರೆಯ ಟೊಮೆಟೊ ಬೆಳೆಗಾರನನ್ನೇ ತೆಗೆದುಕೊಳ್ಳಿ. ನರಸಾಪುರದ ಬಸ್ಸು ಹಳ್ಳಿಗೇ ಬಂದು ಹುಡುಗ ಹುಡುಗಿಯರನ್ನು ಹತ್ತಿಸಿಕೊಂಡು ಹೋಗುತ್ತದೆ. ಕಾಯಿ ಬಿಡಿಸಲು ಆಳು ಸಿಗುವುದಿಲ್ಲ, ಸಿಕ್ಕಿದರೆ ಕೂಲಿ ಮೊದಲಿನಂತಿಲ್ಲ. ಉದ್ಯೋಗ ಖಾತ್ರಿಗೆ 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಹೊಲದಲ್ಲಿ ಅದಕ್ಕಿಂತ ಕಡಿಮೆಗೆ ಯಾರು ಬರುತ್ತಾರೆ? ಈ ರೈತನೂ ಚಿನ್ನದ ಗಣಿಯ ಹಾಗೆ ತನ್ನ ಸರಕಿನ ಬೆಲೆಯನ್ನು ತಾನು ಕಟ್ಟಲಾರ. ಗಣಿಗೆ ಇದ್ದ ಹದಿನೈದು ಗ್ರಾಂನ ಅದಿರು ಅವನಿಗಿಲ್ಲ. ಅವನ ಕಷ್ಟಕ್ಕೆ ಪರಿಹಾರವನ್ನು ಮಂಡಿಯ ಬೆಲೆಯಲ್ಲಿ, ಶೀತಲಗೃಹದಲ್ಲಿ, ಸಂಸ್ಕರಣಾ ಘಟಕದಲ್ಲಿ ಹುಡುಕಬೇಕು. ಅವನ ಹೆಸರು ಹೇಳಿಕೊಂಡು ಕೋಟಿಗಟ್ಟಲೆ ವಹಿವಾಟಿನ ಕಾರ್ಖಾನೆಯವರು ಕನಿಷ್ಠ ವೇತನ ಏರಿಸಬಾರದೆಂದು ವಾದಿಸುವುದನ್ನು ನಾನು ಒಪ್ಪಲಾರೆ.

1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಒಂದು ಅಳತೆ ಕೊಟ್ಟಿತು: ಒಬ್ಬರ ದುಡಿಮೆಯಲ್ಲಿ ಮೂವರ ಊಟ, ತಲಾ 2,700 ಕ್ಯಾಲರಿ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಅದರ ಮೇಲೆ ಇಂಧನ, ದೀಪ ಮತ್ತು ಇತರ ಖರ್ಚಿಗೆ ನೂರಕ್ಕೆ ಇಪ್ಪತ್ತು. ಮಕ್ಕಳ ಓದು, ಔಷಧಿ, ಮದುವೆ ಮುಂಜಿಗೆ ಇನ್ನೂ ಇಪ್ಪತ್ತೈದು ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಹೇಳಿತು. ಆ ಪಟ್ಟಿಗೆ ಪ್ರಯಾಣದ ಹೊತ್ತನ್ನೂ ಸೇರಿಸಬೇಕೆಂದು ನನ್ನ ಕೋರಿಕೆ. ಜೊತೆಗೆ, ನಮ್ಮ ಜಿಲ್ಲೆಯ ದೊಡ್ಡ ಕಾರ್ಖಾನೆಗಳು ತಮ್ಮ ಗುತ್ತಿಗೆ ಕೆಲಸಗಾರರ ಕೈಸೇರುವ ಕೂಲಿಯನ್ನು, ಪಿಎಫ್, ಇಎಸ್ಐ ಕಡಿತಗಳ ಸಮೇತ, ಗೇಟಿನ ಮುಂದೆ ಕನ್ನಡದಲ್ಲಿ ಬರೆದು ಹಾಕಲಿ. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕೆಂಬ ಕಲಮು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಸಿಗಬೇಕೆಂಬ ನಿಯಮವೂ ಇದೆ. 8ನೇ ತಾರೀಖು ಖಾತೆಗೆ ಹಣ ಬೀಳದ ಯುವಕನೊಬ್ಬ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಲು ಹೋದರೆ, ನಿನ್ನ ಏಜೆನ್ಸಿಯವರನ್ನೇ ಕೇಳು ಎಂದು ಅವನನ್ನು ವಾಪಸು ಕಳಿಸದೆ, ಕಾರ್ಖಾನೆಗೇ ನೋಟಿಸು ಹೋಗಬೇಕು.